ಅಪ್ಪನ ಎಡಗಡೆ

ಬೀಳುತ್ತದೆ, ಈಗ ಬೀಳುತ್ತದೆ, ಪೈಪಿನ ಹೊಟ್ಟೆಗೆ ಅಂಟಿಕೊಂಡಿರುವ ಆ ಕೆಂಪು ತೊಟ್ಟು, ಟಾರ್ಚಿನ ಬೆಳಕಿಗೆ ದಾಳಿಂಬೆ ಕಾಳಿನ ಹಾಗೆ ಹೊಳೆಯುತ್ತಿದೆ, ನಡುಗುತ್ತಿದೆ, ಬೀಳುವುದಿಲ್ಲ — ಬೀಳು ತಾಯಿ, ಬಿದ್ದು ಪುಣ್ಯ ಕಟ್ಟಿಕೋ, ನನ್ನ ಕತ್ತು ಸೆಟೆದುಹೋಗಿದೆ, ಮೊಣಕೈ ಅಡಿಯಲ್ಲಿ ಯಾವುದೋ ಬೋಲ್ಟು ಒತ್ತುತ್ತಿದೆ, ಬೆನ್ನ ಕೆಳಗೆ ದೋಣಿಯ ತಳದ ತಣ್ಣನೆಯ ಹಲಗೆ, ಮೂಗಿಗೆ ಡೀಸೆಲ್ಲು, ಹಳೆಯ ರಬ್ಬರು, ನಿಂತ ನೀರು, ಎಲ್ಲದರ ಮೇಲೆ ಒಂದು ಪದರ ಅತ್ತಿಗೆಯ ಪೌಡರಿನ ವಾಸನೆ, ಎಂಜಿನ್ನಿಗೆ ಮುಖ ತೊಳೆಸಿ ಪೌಡರು ಹಚ್ಚಿದವಳು ಈ ಲೋಕದಲ್ಲಿ ನೀನೊಬ್ಬಳೇ ಅಂತ ಅಣ್ಣ ಬೆಳಿಗ್ಗೆ ನಕ್ಕ, ಯಾವಾಗ ಮದುವೆ, ಗಂಡಿನ ಕಡೆಯವರು ಎಷ್ಟೊತ್ತಿಗೆ ಬರ್ತಾರೆ ಅಂದ, ನಗಲಿ, ಗಂಡಿನ ಕಡೆಯವರು ಮಧ್ಯಾಹ್ನ ಲಾರಿ ತೆಗೆದುಕೊಂಡು ಬರುವುದು ಅವನಿಗೂ ಗೊತ್ತು, ಕರೆಸಿದವನೇ ಅವನು. ದೊಡ್ಡ ರಸ್ತೆಯ ಹೋಟೆಲಿನವರು, ದೋಣಿಯನ್ನು ಹೋಟೆಲಿನ ಬಾಗಿಲ ಮುಂದೆ ಇಟ್ಟು, ಎಂಜಿನ್ ಕಿತ್ತು ಗುಜರಿಗೆ ಹಾಕಿ, ಒಳಗೆಲ್ಲ ಮಣ್ಣು ತುಂಬಿಸಿ ಹೂಗಿಡ ನೆಡುತ್ತಾರಂತೆ, ಊಟಕ್ಕೆ ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ, ಈ ದಡದಿಂದ ಆ ದಡಕ್ಕೆ ಒಂದು ಊರನ್ನೇ ಹೊತ್ತು ದಾಟಿಸಿದ ದೋಣಿ ಕೊನೆಗೆ ಹೂಕುಂಡ, ಅದಕ್ಕಿಂತ ಮುಳುಗಿಹೋಗುವುದು ಮೇಲು ಎಂದು ನಾನು ಕೂಗಾಡಿದೆ, ಅಣ್ಣ ಮುಖ ಗಂಟಿಕ್ಕಿಕೊಂಡು, ಮುಳುಗಿದ್ರೆ ಅವರೂ ತಗೊಳಲ್ಲ, ಸುಮ್ಮನಿರು ಅಂದ, ಆಮೇಲೆ ಅವನೇ ಕರಗಿದ, ಲಾರಿ ಬರೋ ತನಕ ನೋಡು, ಅಷ್ಟರೊಳಗೆ ಸೋರೋದು ನಿಂತ್ರೆ ದೋಣಿ ನಿನ್ನದು, ನಿಲ್ಲದಿದ್ರೆ ಆಮೇಲೆ ಒಂದು ಮಾತೂ ಆಡಬಾರದು ಅಂದ, ಒಪ್ಪಿಕೊಂಡೆ, ಒಪ್ಪದೆ ಏನು ಮಾಡಲಿ, ಈ ಚುಕ್ಕಾಣಿ ಬಿಟ್ಟರೆ ನನ್ನ ಕೈಗೆ ಬೇರೆ ಕೆಲಸ ಬರುವುದಿಲ್ಲ, ಬರಿಸಿಕೊಳ್ಳುವ ಮನಸ್ಸೂ ಇಲ್ಲ. ತೊಟ್ಟು ಇನ್ನೂ ಬಿದ್ದಿಲ್ಲ.

ಇಷ್ಟೇ ಇಷ್ಟು ತೊಟ್ಟಿಗೆ ಎಷ್ಟೆಲ್ಲ ರಾದ್ಧಾಂತ — ಒಂದಕ್ಕೆ ಇನ್ನೊಂದು ಸೇರಿ ತಳದ ನೀರಿಗೆ ಇಳಿಯುತ್ತದೆ, ಆ ನೀರನ್ನು ಪಂಪು ನದಿಗೆ ಉಗುಳುತ್ತದೆ, ನದಿಯ ಮೇಲೆ ಬಣ್ಣ ಬಣ್ಣದ ಪೊರೆ, ಶಾಲೆಯ ಮಕ್ಕಳು ಕಾಮನಬಿಲ್ಲು ಕಾಮನಬಿಲ್ಲು ಎಂದು ಅಂಚಿಗೆ ಬಗ್ಗಿ ನೋಡುತ್ತಿದ್ದವು, ಮಕ್ಕಳಿಗೆ ಚೆಂದ, ಕಟ್ಟೆಯ ಸಾಹೇಬರಿಗೆ ಚೆಂದ ಕಾಣಲಿಲ್ಲ, ದೋಣಿಗಳು ಬಂದು ತಾಗುವ ಈ ಕಟ್ಟೆಗೆ ಅವರೇ ಯಜಮಾನರು, ಏನಮ್ಮ, ನಿಮ್ಮ ದೋಣಿ ಹೋದ ಕಡೆಯೆಲ್ಲ ಗುರುತು ಬಿಟ್ಕೊಂಡು ಹೋಗುತ್ತಲ್ಲ, ನಿಲ್ಲಿಸಿ, ಸರಿಯಾದ ಮೇಲೆ ಜನ ಹತ್ತಿಸಿ ಅಂದರು, ಮೆತ್ತಗೆ ಹೇಳಿದರು, ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಅಂದಿನಿಂದ ಅಣ್ಣ ಈ ಗುಂಡಿಗೆ ಇಳಿದು — ಎಂಜಿನ್ ಕೋಣೆ ಎನ್ನುವುದು ಸಾಹೇಬರ ಮಾತು, ನಮ್ಮ ಮನೆಯಲ್ಲಿ ಇದು ಗುಂಡಿ — ಕೈಗೆ ಸಿಕ್ಕ ನಟ್ಟುಗಳನ್ನೆಲ್ಲ ಬಿಗಿದ, ಬಿಗಿದಷ್ಟೂ ಬೈದ, ಲೀಕು, ಅವನಿಗೆ ಎಲ್ಲವೂ ಲೀಕು, ಅಪ್ಪನಿಗಾದರೆ ಒಂದೊಂದಕ್ಕೂ ಒಂದೊಂದು ಹೆಸರು, ಬೆವರ್ತಿದೆ ಅಂದರೆ ಒರೆಸಿಬಿಡು, ಒಸರ್ತಿದೆ ಅಂದರೆ ಕಣ್ಣಿಟ್ಟಿರು, ಜಿನುಗ್ತಿದೆ ಅಂದರೆ ಸ್ಪ್ಯಾನರ್ ತಾ, ತೊಟ್ಟಿಕ್ತಿದೆ ಅಂದರೆ ಎಂಜಿನ್ ಆರಿಸು, ಸೋರ್ತಿದೆ ಅಂದರೆ ದಡಕ್ಕೆ ತಿರುಗಿಸು, ಚಿಕ್ಕಂದಿನಲ್ಲಿ ಯಾರದಾದರೂ ಮೂಗು ಸೋರ್ತಿದೆ ಅಂದರೂ ನಾನು ಚುಕ್ಕಾಣಿಯ ಕಡೆ ಓಡುತ್ತಿದ್ದೆನಂತೆ, ಅಪ್ಪ ಈಗಲೂ ಹೇಳಿ ನಗುತ್ತಾನೆ. ಅಣ್ಣ ಬಿಗಿದು ಸುಸ್ತಾದ ಮೇಲೆ ನಾನಿಳಿದೆ, ಮೊದಲು ಏನನ್ನೂ ಬಿಗಿಯಲಿಲ್ಲ, ತೊಳೆದೆ, ಸೋಪಿನ ನೀರು, ಹಲ್ಲುಜ್ಜುವ ಹಳೆಯ ಬ್ರಷ್ಷು, ಹರಿದ ಬನಿಯನ್ನು, ಕೊಳೆಯ ಮೇಲೆ ಕೊಳೆ ಕೂತಿರುವಾಗ ಹೊಸದು ಯಾವುದು ಹಳೆಯದು ಯಾವುದು ಎಂದು ಯಾರಪ್ಪನಿಗೂ ಗೊತ್ತಾಗುವುದಿಲ್ಲ, ತೊಳೆದು ಒರೆಸಿ, ಒದ್ದೆ ಎದ್ದು ಕಾಣಲೆಂದು ಪೌಡರು ಹಚ್ಚಿದ ಮೇಲೆ ಒಂದೊಂದೇ ಬಣ್ಣ ತನ್ನ ದಾರಿ ತೋರಿಸಿತು, ಹಸಿರು ಮೇಲಿನ ಪೈಪಿನ ಕ್ಲಿಪ್ಪಿನಿಂದ, ಎಂಜಿನ್ ತಣಿಸುವ ನೀರು, ಕಾಲು ಸುತ್ತು ತಿರುಗಿಸಿದೆ, ನಿಂತಿತು, ಅದೊಂದು ಗೆಲುವು, ಬಣ್ಣವಿಲ್ಲದ್ದು ನದಿಯ ನೀರು, ನೀರಿನಡಿ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿನ ದಂಡ ಹೊರಗೆ ಹೋಗುವ ತೂತಿನಲ್ಲಿ ಒಂದೊಂದೇ ತೊಟ್ಟು ಒಳಗೆ ಬರಲೇಬೇಕು, ಆ ತೊಟ್ಟೇ ದಂಡವನ್ನು ತಣ್ಣಗಿಡುವುದು, ಅಣ್ಣ ಸಿಟ್ಟಿನಲ್ಲಿ ಅದನ್ನೂ ಬಿಗಿದು ಒಣಗಿಸಿಬಿಟ್ಟಿದ್ದ, ಮುಟ್ಟಿದರೆ ಕಾದ ಕಾವಲಿ, ಸಡಿಲಿಸಿದೆ, ತೊಟ್ಟು ವಾಪಸು ಬಂತು, ಇನ್ನೊಂದು ಗೆಲುವು, ಸೋರಬೇಕಾದ್ದನ್ನು ಸೋರಲು ಬಿಡುವುದೂ ಒಂದು ರಿಪೇರಿಯೇ. ಉಳಿದದ್ದು ಈ ಕೆಂಪು, ಗೇರ್‌ಬಾಕ್ಸಿನ ಎಣ್ಣೆ, ಇದೊಂದೇ ನನ್ನನ್ನು ಅಟ್ಟಾಡಿಸುತ್ತಿದೆ.

ಎಡಗಡೆ ಅಂದಿದ್ದ ಅಪ್ಪ. ಮೊಣಕಾಲು ಕೈಕೊಟ್ಟ ಮೇಲೆ ಅಪ್ಪ ದೋಣಿಗೆ ಇಳಿದಿಲ್ಲ, ಕಟ್ಟೆಯ ಮೇಲಿನ ಮನೆಯ ಕಿಟಕಿಯ ಪಕ್ಕ ಅವನ ಕುರ್ಚಿ, ಅಲ್ಲಿಂದಲೇ ದೋಣಿ ಹೋಗುವುದು ಬರುವುದು ನೋಡುವುದು, ಇವತ್ತು ಯಾಕೆ ಅಷ್ಟು ಜೋರಾಗಿ ತಿರುಗಿಸಿದೆ ಎಂದು ಸಂಜೆ ನನ್ನನ್ನು ತರಾಟೆಗೆ ತೆಗೆದುಕೊಳ್ಳುವುದು, ಕೆಂಪೆಣ್ಣೆ ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗ್ತಿಲ್ಲ ಅಪ್ಪ ಎಂದು ನಾನು ಕೇಳಿದಾಗ ಕಣ್ಣು ಮುಚ್ಚಿದ, ಕೈಗಳು ತಾವಾಗಿ ಗಾಳಿಯಲ್ಲಿ ತಡಕಾಡಿದವು, ಇಲ್ಲೊಂದು ಪೈಪು, ಅಲ್ಲೊಂದು ನಟ್ಟು, ಗುಂಡಿ ಪೂರ್ತಿ ಅವನ ಕೈಯೊಳಗೇ ಇದೆ, ಎಡಗಡೆ, ಮೇಲೆ, ಕೈ ಸುಡೋ ಜಾಗ, ಅಲ್ಲಿ ನೋಡು ಅಂದ. ನೋಡಿದೆವು, ಎಡಗಡೆ ಇಂಚು ಇಂಚು ನೋಡಿದೆವು, ಬಟ್ಟೆಯ ಮೇಲೆ ಕಲೆ ಬೀಳುವುದೂ ಎಡಗಡೆಯೇ, ಅದಕ್ಕೇ ನಂಬಿದೆವು, ಆದರೆ ಎಡಗಡೆ ಸುಡುವಂಥದ್ದು ಏನಿದೆ, ತಣ್ಣಗಿನ ಫಿಲ್ಟರು, ತಣ್ಣಗಿನ ಡೀಸೆಲ್ ಪೈಪು, ಸುಡುವ ಹೊಗೆಕೊಳವೆ ಇರುವುದೇ ಬಲಗಡೆ, ಅಣ್ಣ ಕೈ ಒರೆಸಿಕೊಳ್ಳುತ್ತ ಮನೆಗೆ ಬಂದವನೇ ಅಪ್ಪನ ಎದುರಿಗೇ ಅಂದುಬಿಟ್ಟ, ಅಪ್ಪನ ತಲೆ ಈಗ ನಿಲ್ತಿಲ್ಲ, ಎಡ ಯಾವುದು ಬಲ ಯಾವುದು ಅಂತಾನೂ ಗೊತ್ತಾಗ್ತಿಲ್ಲ, ಅರಳುಮರಳು, ಇವನ ಮಾತು ಕಟ್ಟಿಕೊಂಡು ನಾವು ಕುಣೀತಿದ್ದೀವಿ. ಅತ್ತಿಗೆ ಒಳಗಿನಿಂದ ತಟ್ಟೆಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು, ಅಣ್ಣ ಆಗ ಬಾಯಿ ಮುಚ್ಚಿದ, ಮುಚ್ಚಿದರೇನು, ಆಡಿದ್ದು ಆಡಿ ಆಗಿತ್ತು, ಅಪ್ಪ ತೊಡೆಯ ಮೇಲೆ ಎರಡೂ ಅಂಗೈ ಬಿಡಿಸಿ ಇಟ್ಟುಕೊಂಡು ಮೊದಲು ಇದನ್ನು ನೋಡಿದ, ಆಮೇಲೆ ಅದನ್ನು ನೋಡಿದ, ಮತ್ತೆ ಇದನ್ನು — ಅದನ್ನು ನೋಡಬಾರದಿತ್ತು ನಾನು, ಎಲ್ಲಿ ಕಣ್ಣು ಮುಚ್ಚಿದರೂ ಆ ಎರಡು ಅಂಗೈ ಬರುತ್ತವೆ, ಮಾರನೆಯ ದಿನ ಕುರ್ಚಿಯನ್ನು ತಾನೇ ಎಳೆದು ಕಿಟಕಿಗೆ ಬೆನ್ನು ಮಾಡಿ ಕೂತಿದ್ದ, ಗಾಳಿ ಜೋರು ಅಂದ, ಗಾಳಿಯೂ ಇರಲಿಲ್ಲ ಏನೂ ಇರಲಿಲ್ಲ. ದೋಣಿ ಹೋದರೆ ಅಣ್ಣ ಇನ್ನೊಂದು ಕೆಲಸ ಹಿಡಿಯುತ್ತಾನೆ, ನಾನೂ ಹೇಗೋ ಹೊಟ್ಟೆ ಹೊರೆದುಕೊಳ್ಳುತ್ತೇನೆ, ಅಪ್ಪ ಮಾತ್ರ ಗೋಡೆ ನೋಡುತ್ತ ಕೂರುತ್ತಾನೆ.

ಬಿತ್ತು. ಕೊನೆಗೂ ಬಿತ್ತು, ಕೆಳಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ಪಟಕ್ಕನೆ ಒಂದು ಕೆಂಪು ಬೊಟ್ಟು — ಆದರೆ ತಡಿ, ಬೆಳಿಗ್ಗೆ ಇಲ್ಲದ್ದು ಈಗ ಎಲ್ಲಿಂದ ಬಂತು, ಬೆಳಿಗ್ಗೆ ಆಚೆ ಕಂಬಕ್ಕೆ ಕಟ್ಟಿದ್ದಾಗ ಎಂಜಿನ್ನನ್ನು ಅಷ್ಟು ಹೊತ್ತು ಸುಮ್ಮನೆ ಓಡಿಸಿದೆವು, ಚಹಾ ಕುಡಿದು ಮುಗಿಸಿದೆವು, ಬಟ್ಟೆ ಬಿಳಿಯಾಗಿಯೇ ಇತ್ತು, ಪೌಡರು ಹಚ್ಚಿದ ಹಾಗೇ ಇತ್ತು, ಆಮೇಲೆ ಮಾಡಿದ್ದೇನು, ಕಂಬದಿಂದ ಬಿಚ್ಚಿ ಈ ಕಟ್ಟೆಗೆ ತಂದದ್ದು, ಕೂಗಳತೆಯ ದೂರ, ಅಷ್ಟರಲ್ಲಿ ಏನಾಯಿತು, ಮುಂದಕ್ಕೆ ಬಂದೆವು, ಕಟ್ಟೆ ಹತ್ತಿರವಾಯಿತು, ಅಣ್ಣ ರಿವರ್ಸ್ ಹಾಕಿದ, ದೋಣಿ ನಿಂತಿತು — ರಿವರ್ಸ್, ಪ್ರತಿ ಸಲ ದಡ ಮುಟ್ಟುವಾಗ ಕಾಲಡಿಯ ಹಲಗೆ ಒಂದು ಸಲ ಅದುರುತ್ತಲ್ಲ, ಆ ಅದುರಿಗೆ ಮುದುಕಿಯರು ಕಂಬ ಹಿಡಿದುಕೊಳ್ಳುತ್ತಾರಲ್ಲ, ಇಷ್ಟು ದಿನ ಕಟ್ಟಿದ ದೋಣಿಯಲ್ಲಿ ಸುಮ್ಮನೆ ಎಂಜಿನ್ ಓಡಿಸಿ ಹುಡುಕಿದೆವಲ್ಲ, ಥೂ ನಮ್ಮ ಬುದ್ಧಿಗೆ. ಮತ್ತೆ ಪೈಪಿನ ಹೊಟ್ಟೆಗೆ ಟಾರ್ಚು ಹಿಡಿದೆ, ಪೌಡರಿನ ನಡುವೆ ದಾರದಷ್ಟು ಸಣ್ಣ ಒದ್ದೆ ಗೆರೆ, ಅದು ಇಲ್ಲಿ ಹುಟ್ಟಿದ್ದಲ್ಲ, ಪೈಪನ್ನೇ ಹಿಡಿದುಕೊಂಡು ಎಂಜಿನ್ನಿನ ಅಡಿಯಿಂದ, ಆಚೆಯಿಂದ, ಬಲಗಡೆಯಿಂದ ಜಾರಿಕೊಂಡು ಬಂದದ್ದು, ಪೈಪು ಜೋತ ಕಡೆ ಬಂದು ತೊಟ್ಟಾದದ್ದು, ನಾವು ತೊಟ್ಟು ಬಿದ್ದಲ್ಲೇ ಕೂತು ಇಷ್ಟು ದಿನ ಗೋಳಾಡಿದ್ದು. ಅಣ್ಣಾ, ಹಗ್ಗ ಗಟ್ಟಿ ಇದೆಯಾ, ಇದೆ, ಹಾಗಾದ್ರೆ ಎಂಜಿನ್ ಹಾಕಿ ರಿವರ್ಸ್ ಕೊಡು, ಕಟ್ಟಿದ ದೋಣೀನ ಯಾರಾದ್ರೂ ಹಿಂದಕ್ಕೆ ಎಳೀತಾರಾ, ನಿನಗೇನು ತಲೆಗಿಲೆ ಕೆಟ್ಟಿದೆಯಾ, ಕೆಟ್ಟಿದೆ, ಕೊಡು ಅಂದೆ. ಬಲಗಡೆ ಹೊಗೆಕೊಳವೆಯ ಹಿಂದೆ ಕಣ್ಣು ಹೋಗುವುದಿಲ್ಲ, ಒಂದು ಹಿಡಿ ಪೌಡರು ಆ ಸಂದಿಗೆ ಊದಿದೆ, ಅರ್ಧ ನನ್ನ ಮುಖಕ್ಕೇ ಬಂತು, ಅತ್ತಿಗೆ ಕೊಟ್ಟ ಕೈಗನ್ನಡಿಯನ್ನು ಕೊಳವೆಯಾಚೆ ಹಿಡಿದೆ, ಕನ್ನಡಿಯೊಳಗೆ ಎಲ್ಲ ಅದಲುಬದಲು, ಕೂಲರು ಕಾಣುತ್ತಿದೆ, ಎಣ್ಣೆ ತಣಿಸುವ ಆ ಹಿತ್ತಾಳೆ ಡಬ್ಬಿ, ಗೋಡೆಗೆ ಕೂರಿಸಿದ್ದು, ಅದರ ಬಾಯಿಂದಲೇ ಈ ಪೈಪು ಹೊರಟು ಎಂಜಿನ್ನಿನ ಅಡಿ ನುಸುಳಿ ಎಡಕ್ಕೆ ಬಂದು ಗೇರ್‌ಬಾಕ್ಸ್ ಸೇರುವುದು, ಎಂಜಿನ್ ಗುಡುಗಿತು, ಕಿವಿ ತುಂಬ ಅದೇ, ಏನೂ ಇಲ್ಲ, ಕೂಲರು ಬೆಳ್ಳಗೆ ಸುಮ್ಮನಿದೆ, ಆಮೇಲೆ ಅಣ್ಣ ರಿವರ್ಸ್ ಕೊಟ್ಟ, ಎಂಜಿನ್ ತನ್ನ ರಬ್ಬರ್ ಕಾಲುಗಳ ಮೇಲೆ ಮಲಗಿದ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ ಒಂದು ಕಡೆಗೆ ವಾಲಿತು, ಪೈಪು ಬಿಗಿಯಾಯಿತು, ಕೂಲರಿನ ಬಾಯಲ್ಲಿ ಪೈಪಿನ ಕಬ್ಬಿಣದ ಉಂಗುರ ಕೂದಲೆಳೆಯಷ್ಟು ತೆರೆಯಿತು, ಬಿಳಿಯ ನಡುವೆ ಕೆಂಪು, ಚಿಮ್ಮಿತು, ಕಂಡೆ, ಕಣ್ಣಾರೆ ಕಂಡೆ, ಸಿಕ್ಕಿದೆಯಾ ಕಳ್ಳಿ, ಸಿಕ್ಕಿದೆ, ಖುಷಿಯಲ್ಲಿ ಕೈ ಮುಂದೆ ಚಾಚಿದವಳು ಮಣಿಕಟ್ಟನ್ನು ಹೊಗೆಕೊಳವೆಗೆ ತಾಗಿಸಿಕೊಂಡೆ, ಚುರ್ ಎಂದಿತು, ಉರಿ, ಮೇಲೆ, ಕೈ ಸುಡೋ ಜಾಗ — ಅಪ್ಪ ಹೇಳಿದ್ದು ಇದೇ, ಮೇಲೆ ಅಂದಿದ್ದು ಸರಿ, ಕೈ ಸುಡೋ ಜಾಗ ಅಂದಿದ್ದು ಸರಿ, ಮತ್ತೆ ಎಡಗಡೆ ಅಂದದ್ದು ಯಾಕೆ.

ಆರಿಸು ಆರಿಸು ಎಂದು ಕೂಗಿದೆ, ಎಂಜಿನ್ ನಿಂತಿತು, ಕಿವಿಯಲ್ಲಿ ಮೌನವೇ ಗುಂಯ್‌ಗುಡುತ್ತಿದೆ, ಗುಂಡಿ ತುಂಬ ಹೊಗೆ, ಉಸಿರು ಕಟ್ಟುತ್ತಿದೆ, ಎಂದಿನ ಹಾಗೆ ದೋಣಿಯ ಹಿಂಭಾಗದಿಂದ ಏರಲು ತಿರುಗಬೇಕು, ಅಲ್ಲಿಯವರೆಗೆ ತೆವಳುವ ತಾಳ್ಮೆ ಯಾರಿಗಿದೆ, ಎದುರಿಗೇ ಬೆಳಕು ಕಾಣುತ್ತಿದೆ, ಗುಂಡಿಯ ಮುಂದಿನ ಅಂಚಿನಲ್ಲಿ ಜನ ಕೂರಲೆಂದು ಅಣ್ಣ ಹಾಕಿಸಿದ್ದ ಬೆಂಚು ಇಲ್ಲ, ಹೋಟೆಲಿನವರಿಗೆ ಬೆಂಚು ಯಾಕೆ ಸುಮ್ಮನೆ ಎಂದು ಬೆಳಿಗ್ಗೆಯೇ ಬಿಚ್ಚಿ ದಡಕ್ಕೆ ಹಾಕಿದ್ದಾನೆ, ಒಳ್ಳೆಯದಾಯಿತು ಎಂದು ಆ ಅಂಚಿಗೆ ಕೈಯೂರಿ ಮೈ ಎತ್ತಿ ಕೂತೆ, ಕಾಲು ಗುಂಡಿಯೊಳಗೆ ಇಳಿಬಿಟ್ಟು, ಎಂಜಿನ್ನಿಗೆ ಎದುರಾಗಿ, ಕೂತ ಹಲಗೆ ಸವೆದು ನುಣ್ಣಗಾಗಿ ತುಸು ತಗ್ಗಾಗಿದೆ, ಯಾರೋ ಇಲ್ಲೇ ಕೂತು ಕೂತು — ಅಪ್ಪ, ಇದು ಅಪ್ಪನ ಜಾಗ, ಬೆಂಚು ಬರುವ ಮುಂಚೆ ಅಪ್ಪ ಕೂರುತ್ತಿದ್ದದ್ದು ಇಲ್ಲಿ, ಬೆನ್ನು ದೋಣಿಯ ಮೂತಿಗೆ, ಮುಖ ಬಾಲಕ್ಕೆ, ಎರಡೂ ಕಾಲು ಗುಂಡಿಗೆ ಇಳಿಬಿಟ್ಟು ಎಂಜಿನ್ನಿನ ಜತೆ ಮಾತಾಡುತ್ತ, ಬೆಂಚು ಬಂದ ಮೇಲೆ ಅಣ್ಣ, ನಾನು, ಇಬ್ಬರೂ ಹಿಂದಿನಿಂದ ಇಳಿಯುವವರು, ಮೂತಿಯ ಕಡೆ ಮುಖ ಮಾಡಿ, ಬೆಂಚು ಇಲ್ಲಿದೆ ಎನ್ನುವುದು ಕಿಟಕಿಯಿಂದ ಅಪ್ಪನಿಗೆ ಕಾಣುವುದಾದರೂ ಹೇಗೆ, ಅವನ ಗುಂಡಿಯಲ್ಲಿ ಬೆಂಚೇ ಇಲ್ಲ. ನನ್ನ ಎಡಗೈ ಎತ್ತಿದೆ, ಮೆಲ್ಲಗೆ, ಯಾರಾದರೂ ಕಿತ್ತುಕೊಂಡಾರು ಎನ್ನುವ ಹಾಗೆ, ಎಡಗೈ ಎತ್ತಿದ ಕಡೆ ಹೊಗೆಕೊಳವೆ, ಅದರ ಹಿಂದೆ ಬೆಳ್ಳಗೆ ಪೌಡರು ಮೆತ್ತಿದ ಕೂಲರು, ಅದರ ತುಟಿಯಲ್ಲಿ ಕೆಂಪು, ಎಡಗಡೆ, ಮೇಲೆ, ಕೈ ಸುಡೋ ಜಾಗ. ನಗು ಬಂತು, ಕಣ್ಣೂ ಒದ್ದೆಯಾಯಿತು, ಅಪ್ಪನ ಲೆಕ್ಕದಲ್ಲಿ ಅದು ಬರೀ ಒಸರುವುದು. ಅಣ್ಣಾ, ಇಲ್ಲಿ ಬಾ, ಇಲ್ಲಿ ಕೂತ್ಕೋ, ನಾನೇನು ಮಗುವಾ ಕೂರೋಕೆ, ಕೂತ್ಕೋ ಅಂದೆ, ಕೂತ, ಈಗ ಎಡಗೈ ಎತ್ತು ಅಂದೆ, ಎತ್ತಿದ, ಎತ್ತಿದ ಕೈ ಹಾಗೇ ನಿಂತಿತು, ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತೋಚಲಿಲ್ಲ.

ಅಣ್ಣ ಬೈಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ, ಬಾಯಿ ಬಿಟ್ಟ ಪೈಪನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದ, ಇದಕ್ಕಿಂತ ಒಂದು ಗೇಣು ಉದ್ದ ಇರೋದು ಮಾಡಿಸ್ಕೊಂಡು ಬಾ, ಇದು ಬಿಗಿಯಾಗಿದ್ದಕ್ಕೇ ಕಿತ್ತಿದ್ದು ಎಂದು ನಾನು ಹಿಂದಿನಿಂದ ಕೂಗಿದರೆ ತಿರುಗದೆ ಕೈಯೆತ್ತಿದ, ಎತ್ತಿದ್ದು ಎಡಗೈಯೇ, ಬೇಕೆಂದೇ ಎತ್ತಿದನೋ ಏನೋ, ಪೈಪಿನಂಗಡಿಯಿಂದ ಬಂದಾಗ ಶರ್ಟಿನ ಬೆನ್ನೆಲ್ಲ ಕೆಂಪೆಣ್ಣೆ, ಅತ್ತಿಗೆ ಅದನ್ನು ನೋಡಿ, ಪೌಡರ್ ಹೋಯ್ತು, ಬೆಡ್‌ಶೀಟ್ ಹೋಯ್ತು, ಈಗ ಶರ್ಟೂ ಹೋಯ್ತು, ಇನ್ನು ನನ್ನನ್ನೂ ಕರ್ಕೊಂಡು ಹೋಗಿ ಆ ಗುಂಡಿಗೆ ಹಾಕಿಬಿಡಿ ಅಂದಳಂತೆ, ಅಂದವಳೇ ಬೀರುವಿನಿಂದ ಇನ್ನೊಂದು ಬಿಳಿ ಬೆಡ್‌ಶೀಟ್ ತೆಗೆದುಕೊಟ್ಟಳಂತೆ. ಹೊಸ ಪೈಪು ಕೂರಿಸಿದೆವು, ಜೋಲಲು ಬಿಟ್ಟೆವು, ಎಣ್ಣೆ ತುಂಬಿದೆವು, ಬೆಡ್‌ಶೀಟನ್ನು ಎಂಜಿನ್ನಿನಡಿ ಈ ಗೋಡೆಯಿಂದ ಆ ಗೋಡೆಗೆ ಹಾಸಿದೆವು, ಅಷ್ಟರಲ್ಲಿ ಲಾರಿ ಬಂತು, ಹೋಟೆಲಿನವರು ಗಿಡಗಳನ್ನೂ ಜತೆಗೇ ತಂದಿದ್ದರು, ಪುಣ್ಯಾತ್ಮರು, ಒಂದು ಸಲ ದಾಟಿ ಬರೋವರೆಗೆ ಕೂತಿರಿ ಎಂದು ಅಣ್ಣ ಅವರಿಗೆ ಆ ಬಿಚ್ಚಿದ ಬೆಂಚನ್ನೇ ತೋರಿಸಿದ, ಆಮೇಲೆ ನನಗೂ ಹೇಳದೆ ಮನೆಯ ಮೆಟ್ಟಿಲು ಹತ್ತಿದ, ಇಳಿಯುವಾಗ ಅವನ ತೋಳಿನಲ್ಲಿ ಅಪ್ಪ, ಒಂದೊಂದೇ ಮೆಟ್ಟಿಲು, ನಿಂತು, ಬೈದು, ಮತ್ತೆ ಒಂದು ಮೆಟ್ಟಿಲು, ಯಾರೂ ಹೇಳಲಿಲ್ಲ, ಅಪ್ಪ ತಾನಾಗಿ ಆ ಸವೆದ ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟ. ನಾನು ಚುಕ್ಕಾಣಿ ಹಿಡಿದೆ, ನದಿ ತೆರೆದುಕೊಂಡಿತು, ಬಿಸಿಲು ನೀರಿನ ಮೇಲೆ ಕಣ್ಣು ಕುಕ್ಕುತ್ತಿತ್ತು, ಆಚೆ ದಡದಲ್ಲಿ ರಿವರ್ಸ್, ಬೇಕೆಂದೇ ಜೋರಾಗಿ, ಹಲಗೆ ಅದುರಿತು, ಅಪ್ಪ ಗುಂಡಿಯನ್ನೇ ನೋಡುತ್ತಿದ್ದ, ತಿರುಗಿಸಿದೆ, ವಾಪಸು, ಕಟ್ಟೆ ಹತ್ತಿರ, ಮತ್ತೆ ರಿವರ್ಸ್, ಪಂಪು ನೀರು ಉಗುಳಿತು, ಕಟ್ಟೆಯ ಸಾಹೇಬರು ಬಗ್ಗಿ ನೋಡಿದರು, ನೀರು ಬರೀ ನೀರು, ಇನ್ನೂ ಬಗ್ಗಿ ನೋಡಿದರು, ನಾಳೆಯಿಂದ ಜನ ಹತ್ತಿಸಿ ಅಂದರು, ಅದನ್ನೂ ಮೆತ್ತಗೇ ಅಂದರು, ನನಗೆ ಮಾತ್ರ ನಗಾರಿ ಬಾರಿಸಿದ ಹಾಗೆ ಕೇಳಿಸಿತು. ಅಣ್ಣ ಗುಂಡಿಗೆ ಇಳಿದು ಬೆಡ್‌ಶೀಟಿನ ಮೂಲೆ ಮೂಲೆ ಎತ್ತಿ ನೋಡಿದ, ಕೈಯಿಂದ ಸವರಿ ನೋಡಿದ, ಆಮೇಲೆ ಲಾರಿಯ ಕಡೆ ತಿರುಗಿ, ಗಿಡಕ್ಕೆ ಬೇರೆ ಕುಂಡ ನೋಡ್ಕೊಳಿ ಸ್ವಾಮಿ, ಇದು ಖಾಲಿ ಇಲ್ಲ ಅಂದ. ಅಪ್ಪ ಕೇಳಿದ, ಎಲ್ಲಿತ್ತೋ ಅದು. ಅಣ್ಣ ಗುಂಡಿಯೊಳಗೆ ನಿಂತಿದ್ದ, ಮೂತಿಯ ಕಡೆ ಮುಖ ಮಾಡಿ, ಅಪ್ಪನಿಗೆ ಎದುರಾಗಿ, ತನ್ನ ಬಲಗೈಯನ್ನು ಪೂರ್ತಿ ಚಾಚಿ ಕೂಲರನ್ನು ತೋರಿಸಿದ. ಎಡಗಡೆ ಅಪ್ಪ, ನೀನು ಹೇಳಿದಲ್ಲೇ, ಎಡಗಡೆ. ಅಪ್ಪ ತೊಡೆಯ ಮೇಲಿನ ಎರಡೂ ಅಂಗೈಗಳನ್ನು ತಿರುಗಿಸಿ, ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಎಲ್ಲರೂ ಇಳಿದರು, ನಾನು ಇಳಿದಿಲ್ಲ, ಅಪ್ಪನೂ ಇಳಿದಿಲ್ಲ, ಬೆಡ್‌ಶೀಟು ಹಾಗೇ ಇದೆ, ಅದನ್ನು ತೆಗೆಯಲು ಮನಸ್ಸು ಬರುತ್ತಿಲ್ಲ, ಇಷ್ಟು ಬಿಳಿ ಬಟ್ಟೆಯನ್ನು ನಾನು ಎಂದೂ ನೋಡಿಲ್ಲ, ಮಣಿಕಟ್ಟು ಉರಿಯುತ್ತಿದೆ, ಉರಿಯಲಿ, ನಾಳೆ ಶಾಲೆಯ ಮಕ್ಕಳು ಬಗ್ಗಿ ನೋಡಿ ಕಾಮನಬಿಲ್ಲು ಎಲ್ಲಿ ಎಂದು ಕೇಳುತ್ತಾರೆ, ಕೇಳಲಿ, ಒಂದು ಉತ್ತರ ಹುಡುಕಬೇಕು, ಮೇಲೆ ಮನೆಯಲ್ಲಿ ಕುರ್ಚಿಯನ್ನು ಕಿಟಕಿಗೆ ತಿರುಗಿಸಬೇಕು, ಅದೋ ನೋಡು, ಅಪ್ಪ ಬೆರಳು ಚಾಚಿದ್ದಾನೆ, ಬೆಡ್‌ಶೀಟಿನ ಆಚೆ, ಫ್ಯಾನಿನ ದಂಡ ಹೊರಗೆ ಹೋಗುವಲ್ಲಿ, ಬಣ್ಣವಿಲ್ಲದ್ದೊಂದು ಕೂಡುತ್ತಿದೆ, ತುಂಬುತ್ತಿದೆ, ಒಳಗೆ ಇಷ್ಟೇ ಇಷ್ಟು ಬೆಳಕು, ನಡುಗುತ್ತಿದೆ, ಬೀಳಬೇಕಾದ್ದು ಇದೊಂದೇ, ತೊಟ್ಟು, ಈಗ, ತೊಟ್ಟು